ಡಿಪ್ಲೊಮಾಗೆ ಯಾವ ಕಾಲೇಜು? ಸರ್ಕಾರಿ, ಅನುದಾನಿತ, ಖಾಸಗಿ, ಟೂಲ್ ರೂಮ್

ಎಸ್‌ಎಸ್‌ಎಲ್‌ಸಿ ರಿಸಲ್ಟ್ ಬಂದ ಸಂಜೆ ಅಕ್ಕನ ಫೋನ್ ಬಂತು. "ಇವಳು ಪಿಯುಸಿ ಬೇಡ, ಡಿಪ್ಲೊಮಾನೇ ಮಾಡ್ತೀನಿ ಅಂತ ಹಟ ಹಿಡಿದು ಕೂತಿದ್ದಾಳೆ ಕಣೋ. ಯಾವ ಕಾಲೇಜು ಒಳ್ಳೇದು, ನೀನೇ ಹೇಳು."

ನಾನೂ ಡಿಪ್ಲೊಮಾ ಮಾಡಿದವನು, ಮೆಕ್ಯಾನಿಕಲ್. ಈಗ ಬೆಂಗಳೂರಿನ ಪೀಣ್ಯದಲ್ಲಿ ಒಂದು ಸಣ್ಣ ಕಾರ್ಖಾನೆಯ ಉತ್ಪಾದನೆ ನೋಡಿಕೊಳ್ಳುತ್ತೇನೆ. ಪ್ರತಿ ವರ್ಷ ಟ್ರೈನಿ ಹುಡುಗರನ್ನು ಆರಿಸುವ ಕೆಲಸವೂ ನನ್ನದೇ. ಹಾಗಾಗಿ ನೆಂಟರಲ್ಲಿ ಯಾರ ಮಗು ಹತ್ತನೇ ಕ್ಲಾಸ್ ಮುಗಿಸಿದರೂ ಈ ಪ್ರಶ್ನೆ ಸುತ್ತಿ ಬಳಸಿ ನನ್ನ ಹತ್ತಿರವೇ ಬರುತ್ತದೆ. ಇಷ್ಟು ವರ್ಷ ಬಾಯಿಗೆ ಬಂದ ಒಂದು ಹೆಸರು ಹೇಳಿ ಜಾರಿಕೊಳ್ಳುತ್ತಿದ್ದೆ. ಅಕ್ಕನ ಮಗಳು ಅಂದ ಮೇಲೆ ಹಾಗೆ ಮಾಡಲು ಮನಸ್ಸು ಬರಲಿಲ್ಲ. ಎರಡು ವಾರದಲ್ಲಿ ನಾನು, ಭಾವ, ಅವಳು ಮೂರೂ ಜನ ನಾಲ್ಕು ಕಾಲೇಜು ಸುತ್ತಿದೆವು. ಅಲ್ಲಿ ಕಂಡದ್ದು, ನನ್ನ ಕೆಲಸದಲ್ಲಿ ಕಂಡದ್ದು ಎರಡನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಸುತ್ತಿದ ಕಾಲೇಜುಗಳ ಹೆಸರು ಮಾತ್ರ ಹೇಳುವುದಿಲ್ಲ.

ಮೊದಲು ಪಿಯುಸಿ ಪ್ರಶ್ನೆ

ಇದು ಬಗೆಹರಿಯದೆ ಕಾಲೇಜಿನ ಮಾತು ಎತ್ತಬಾರದು. ಭಾವನಿಗೆ ಇದ್ದ ಭಯ ಒಂದೇ. "ಡಿಪ್ಲೊಮಾ ಮಾಡಿದರೆ ಇಂಜಿನಿಯರ್ ಆಗೋಕೆ ಆಗಲ್ವಲ್ಲ?"

ಆಗುತ್ತದೆ. ಲೆಕ್ಕ ಹಾಕಿ ನೋಡಿ. ಪಿಯುಸಿ 2 ವರ್ಷ, ಬಿಇ 4 ವರ್ಷ, ಒಟ್ಟು 6. ಡಿಪ್ಲೊಮಾ 3 ವರ್ಷ, ಆಮೇಲೆ ಡಿಪ್ಲೊಮಾದವರಿಗೆ ಅಂತಲೇ ಇರುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರವಾಗಿ ಬಿಇ ಎರಡನೇ ವರ್ಷಕ್ಕೆ ಸೇರಿದರೆ ಇನ್ನು 3, ಅದೂ ಒಟ್ಟು 6. ಎರಡೂ ದಾರಿ ಒಂದೇ ವಯಸ್ಸಿಗೆ ಒಂದೇ ಜಾಗಕ್ಕೆ ಮುಟ್ಟಿಸುತ್ತವೆ. ಡಿಸಿಇಟಿ ನಡೆಸುವುದೂ ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರವೇ. ವ್ಯತ್ಯಾಸ ಇರುವುದು ನಡುದಾರಿಯಲ್ಲಿ. ಮೂರನೇ ವರ್ಷದ ಕೊನೆಗೆ ಮನೆಯಲ್ಲಿ ಏನೋ ತೊಂದರೆ ಬಂತು, ಓದು ನಿಲ್ಲಿಸಬೇಕಾಯಿತು ಅನ್ನಿ. ಡಿಪ್ಲೊಮಾ ಮಾಡಿದವರ ಕೈಯಲ್ಲಿ ಕೆಲಸ ಕೊಡಿಸುವ ಒಂದು ಸರ್ಟಿಫಿಕೇಟ್ ಇರುತ್ತದೆ. ರೈಲ್ವೆ, ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ (ಎಸ್‌ಎಸ್‌ಸಿ) ನಡೆಸುವ ಜೂನಿಯರ್ ಇಂಜಿನಿಯರ್ ಪರೀಕ್ಷೆಗೆ ಡಿಪ್ಲೊಮಾ ಸಾಕು. ಇಸ್ರೊ ಟೆಕ್ನಿಕಲ್ ಅಸಿಸ್ಟೆಂಟ್ ಹುದ್ದೆಗೂ ಫಸ್ಟ್ ಕ್ಲಾಸ್ ಡಿಪ್ಲೊಮಾ ಸಾಕು. ಬಿಇ ಮೊದಲ ವರ್ಷ ಮಾತ್ರ ಮುಗಿಸಿ ಬಿಟ್ಟವರ ಕೈಯಲ್ಲಿ ಏನಿರುತ್ತದೆ?

ಹಾಗಂತ ಡಿಪ್ಲೊಮಾ ದಾರಿಯಲ್ಲಿ ಕಲ್ಲುಮುಳ್ಳೇ ಇಲ್ಲ ಅಂತಲ್ಲ. ದೊಡ್ಡ ಕಲ್ಲು ಗಣಿತ. ಪಿಯುಸಿಯಲ್ಲಿ ಎರಡು ವರ್ಷ ದಿನಾ ತಿಕ್ಕಿಸುವಷ್ಟು ಗಣಿತವನ್ನು ಡಿಪ್ಲೊಮಾದಲ್ಲಿ ತಿಕ್ಕಿಸುವುದಿಲ್ಲ. ಹೀಗೆ ನೇರ ಎರಡನೇ ವರ್ಷಕ್ಕೆ (ಲ್ಯಾಟರಲ್ ಎಂಟ್ರಿ) ಬಂದವರಿಗೆ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಹೆಚ್ಚುವರಿ ಗಣಿತದ ಪೇಪರ್ ಇಟ್ಟಿದ್ದು ಇದಕ್ಕೇ. ನನ್ನ ಜೊತೆ ಓದಿ ಬಿಇಗೆ ಹೋದವರಲ್ಲಿ ಕೆಲವರು ವರ್ಕ್‌ಶಾಪ್‌ನಲ್ಲಿ ರಾಜರಂತೆ ಇದ್ದರು. ಗಣಿತದ ಕ್ಲಾಸಲ್ಲಿ ಹಿಂದಿನ ಬೆಂಚು ಸೇರಿದ್ದರು. ಬಿಇ ಮಾಡುವ ಆಸೆ ಇದ್ದರೆ ಡಿಪ್ಲೊಮಾದ ಮೂರೂ ವರ್ಷ ಗಣಿತವನ್ನು ಕೈಬಿಡಬಾರದು. ಐಐಟಿ ಕನಸು ಇರುವವರಿಗೆ ಪಿಯುಸಿಯೇ ಸರಿ.

ಎಲ್ಲ ಕಾಲೇಜಿನ ಸರ್ಟಿಫಿಕೇಟೂ ಒಂದೇ

ಇದು ಬಹಳ ಜನಕ್ಕೆ ಗೊತ್ತಿಲ್ಲ. ರಾಜ್ಯದ ಬಹುಪಾಲು ಪಾಲಿಟೆಕ್ನಿಕ್‌ಗಳಿಗೆ ಸಿಲಬಸ್ ಮಾಡುವುದು ತಾಂತ್ರಿಕ ಶಿಕ್ಷಣ ಇಲಾಖೆ. ಪ್ರಶ್ನೆಪತ್ರಿಕೆ ಕೊಡುವುದು ಅದರ ತಾಂತ್ರಿಕ ಪರೀಕ್ಷಾ ಮಂಡಳಿ. ವರ್ಷಕ್ಕೆ ಕೆಲವೇ ಸಾವಿರ ಕಟ್ಟುವ ಸರ್ಕಾರಿ ಪಾಲಿಟೆಕ್ನಿಕ್ ಹುಡುಗನಿಗೂ ಅದರ ಹತ್ತು ಪಟ್ಟು ಕಟ್ಟುವ ಖಾಸಗಿ ಕಾಲೇಜಿನ ಹುಡುಗನಿಗೂ ಅದೇ ಪೇಪರ್, ಅದೇ ಮಂಡಳಿಯ ಮಾರ್ಕ್ಸ್ ಕಾರ್ಡ್. ಸ್ವಾಯತ್ತ ಅನ್ನಿಸಿಕೊಂಡ ಕೆಲವು ಕಾಲೇಜುಗಳು ಮಾತ್ರ ತಮ್ಮ ಪರೀಕ್ಷೆ ತಾವೇ ಮಾಡಿಕೊಳ್ಳುತ್ತವೆ.

ಹಾಗಾದರೆ ಜಾಸ್ತಿ ದುಡ್ಡು ಕೊಟ್ಟು ಕೊಳ್ಳುವುದಾದರೂ ಏನನ್ನು? ನಾಲ್ಕು ಕಾಲೇಜಿನ ಗೇಟಲ್ಲೂ ನಾನು ಮನಸ್ಸಿನಲ್ಲಿ ಇದನ್ನೇ ಕೇಳಿಕೊಂಡೆ. ಬಸ್ಸು, ಹಾಸ್ಟೆಲ್ಲು, ಬಣ್ಣದ ಗೋಡೆ, ಶಿಸ್ತು ಎಲ್ಲ ಸರಿ. ಆದರೆ ಕೆಲಸ ಕೊಡುವವನಾಗಿ ನನಗೆ ಬೇಕಾಗಿರುವುದು ಬೇರೆ. ಹುಡುಗ ಮೂರು ವರ್ಷದಲ್ಲಿ ಎಷ್ಟು ತಾಸು ಮೆಷಿನ್ ಮುಟ್ಟಿದ್ದಾನೆ? ಪಕ್ಕದಲ್ಲಿ ನಿಂತು ತಪ್ಪು ತೋರಿಸಿದವರು ಯಾರಾದರೂ ಇದ್ದರಾ? ಈ ಎರಡು ಪ್ರಶ್ನೆಗೆ ಫೀಸಿನ ರಶೀದಿಯಲ್ಲಿ ಉತ್ತರ ಸಿಗುವುದಿಲ್ಲ.

ಟ್ರೈನಿ ಆಯ್ಕೆಗೆ ಬಂದವರಿಗೆ ನಾನು ಕೊಡುವ ಪರೀಕ್ಷೆ ಸುಲಭದ್ದು. ಒಂದು ವರ್ನಿಯರ್ ಕ್ಯಾಲಿಪರ್, ಒಂದು ಪಿನ್. ವ್ಯಾಸ ಎಷ್ಟು ಹೇಳು ಅಂತೀನಿ. ವರ್ನಿಯರ್‌ನಲ್ಲಿ ಸಣ್ಣ ಝೀರೋ ಎರರ್ ಇದೆ, ಅಂದರೆ ದವಡೆ ಮುಚ್ಚಿದಾಗಲೂ ಸೊನ್ನೆ ತೋರಿಸುವುದಿಲ್ಲ. ಅದನ್ನು ನಾನು ಹೇಳುವುದಿಲ್ಲ. 0.02 ಮಿಲಿಮೀಟರ್ ಲೀಸ್ಟ್ ಕೌಂಟ್ ಬಾಯಿಪಾಠ ಒಪ್ಪಿಸಿದ ಎಷ್ಟೋ ಮಕ್ಕಳು ಅಳತೆ ತಪ್ಪು ಹೇಳುತ್ತಾರೆ. ಒಮ್ಮೆ ಎರಡು ಸಬ್ಜೆಕ್ಟ್ ಬ್ಯಾಕ್ ಇಟ್ಟುಕೊಂಡು ಪಾಸಾದ ಹುಡುಗನೊಬ್ಬ ಮೊದಲು ದವಡೆ ಮುಚ್ಚಿ, ಬೆಳಕಿಗೆ ಹಿಡಿದು ನೋಡಿ, "ಸಾರ್, ಇದು ಝೀರೋ ತೋರಿಸ್ತಿಲ್ಲ" ಅಂದ. ಅವನು ಈಗ ನಮ್ಮ ಕ್ವಾಲಿಟಿ ವಿಭಾಗದಲ್ಲಿದ್ದಾನೆ. ಓದಿದ್ದು ಸಣ್ಣ ತಾಲೂಕಿನ ಸರ್ಕಾರಿ ಪಾಲಿಟೆಕ್ನಿಕ್.

ಸರ್ಕಾರಿ ಪಾಲಿಟೆಕ್ನಿಕ್

ಫೀಸಿನಲ್ಲಿ ಇದನ್ನು ಮೀರಿಸುವುದು ಯಾವುದೂ ಇಲ್ಲ. ಅದರಲ್ಲೂ ಹಳೆಯ ಕಾಲೇಜುಗಳ ಜಾಗ, ವರ್ಕ್‌ಶಾಪು ಎರಡೂ ದೊಡ್ಡವು. ಮಂಗಳೂರು ಕದ್ರಿಯ ಕರ್ನಾಟಕ ಪಾಲಿಟೆಕ್ನಿಕ್ (ಕೆಪಿಟಿ) 1946ರದ್ದು. ಬೆಂಗಳೂರಿನ ಕೆ.ಆರ್. ಸರ್ಕಲ್ ಬಳಿಯ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ (ಎಸ್‌ಜೆಪಿ) ಮಹಾರಾಜರ ಕಾಲದ್ದು. ಈ ಎಸ್‌ಜೆಪಿ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಗುರುದತ್ ಸಿನಿಮಾಗಳಿಗೆ ಕ್ಯಾಮೆರಾ ಹಿಡಿದ ಮೈಸೂರಿನ ವಿ.ಕೆ. ಮೂರ್ತಿ ಛಾಯಾಗ್ರಹಣ ಕಲಿತದ್ದು ಇಲ್ಲೇ. ಗೋವಿಂದ ನಿಹಲಾನಿ ಕಲಿತದ್ದೂ ಇಲ್ಲೇ. ಮೂರ್ತಿಯವರಿಗೆ 2008ರ ಫಾಲ್ಕೆ ಪ್ರಶಸ್ತಿ ಬಂತು. "ಪಾಲಿಟೆಕ್ನಿಕ್ಕಾ?" ಅಂತ ಮೂಗು ಮುರಿಯುವ ನೆಂಟರಿಗೆ ನಾನು ಇದನ್ನೇ ಹೇಳುವುದು.

ಸರ್ಕಾರಿ ಕಾಲೇಜಿನ ಕಾಯಂ ಉಪನ್ಯಾಸಕರು ಸ್ಪರ್ಧಾ ಪರೀಕ್ಷೆ ಬರೆದು ಬಂದವರು. ವಿಷಯ ಗೊತ್ತಿರುತ್ತದೆ. ತೊಂದರೆ ಎಂದರೆ ಕಾಯಂ ಹುದ್ದೆಗಳು ಖಾಲಿ ಇರುವುದು. ಖಾಲಿ ಜಾಗಕ್ಕೆ ಅತಿಥಿ ಉಪನ್ಯಾಸಕರು ಬರುತ್ತಾರೆ. ಅವರಲ್ಲಿ ಬಹಳ ಒಳ್ಳೆಯವರೂ ಇದ್ದಾರೆ. ಆದರೆ ಅವರ ನೇಮಕ ತಡವಾದರೆ ಸೆಮಿಸ್ಟರ್‌ನ ಮೊದಲ ಕೆಲವು ವಾರ ಕ್ಲಾಸೇ ಇರುವುದಿಲ್ಲ. ಒಂದೇ ಕಾಲೇಜಿನಲ್ಲಿ ಸಿವಿಲ್‌ಗೆ ಐದು ಜನ ಕಾಯಂ ಇದ್ದು, ಪಕ್ಕದ ಎಲೆಕ್ಟ್ರಾನಿಕ್ಸ್‌ಗೆ ಒಬ್ಬರೇ ಇರಬಹುದು. ಅದಕ್ಕೇ "ಆ ಕಾಲೇಜು ಹೇಗೆ" ಅನ್ನುವ ಪ್ರಶ್ನೆ ಅರ್ಧ ಮಾತ್ರ. ಆ ಕಾಲೇಜಿನಲ್ಲಿ ನಮಗೆ ಬೇಕಾದ ಬ್ರಾಂಚ್ ಹೇಗೆ ಅಂತ ಕೇಳಬೇಕು.

ಲ್ಯಾಬಿನ ಕಥೆಯೂ ಹಾಗೇ. 1990ರ ದಶಕದಲ್ಲಿ ವಿಶ್ವಬ್ಯಾಂಕ್ ಸಾಲದ ಯೋಜನೆಯೊಂದರಲ್ಲಿ ನಮ್ಮ ರಾಜ್ಯದ ಪಾಲಿಟೆಕ್ನಿಕ್‌ಗಳಿಗೆ ಸಲಕರಣೆಗೆ ಹಣ ಬಂತು. ಕೆಲವು ಕಡೆ ಆ ಕಾಲದ ಯಂತ್ರಗಳು ಇನ್ನೂ ಓಡುತ್ತಿವೆ. ಹಳೆಯದು ಅಂತ ಬೇಜಾರು ಬೇಡ. ಲೋಹ ಕಡೆಯುವ ಲೇತ್ ಮೂವತ್ತು ವರ್ಷ ಹಳೆಯದಾದರೂ ಲೇತೇ. ಓಡದೆ ನಿಂತ, ಕಂಪ್ಯೂಟರಿನಿಂದ ನಡೆಯುವ ಹೊಸ ಸಿಎನ್‌ಸಿ ಯಂತ್ರಕ್ಕಿಂತ ಓಡುವ ಹಳೆಯ ಲೇತ್ ಮೇಲು.

ಅನುದಾನಿತ ಕಾಲೇಜು

ಟ್ರಸ್ಟ್ ಅಥವಾ ಸಂಘದವರು ನಡೆಸುವ ಕಾಲೇಜು, ಸಿಬ್ಬಂದಿಯ ಸಂಬಳ ಸರ್ಕಾರದ್ದು. ಇಲ್ಲಿ ಒಳ್ಳೆಯದೇನೆಂದರೆ ಮೇಷ್ಟ್ರುಗಳಿಗೆ ಊರಿಂದೂರಿಗೆ ವರ್ಗ ಇರುವುದಿಲ್ಲ. ಒಂದೇ ಲ್ಯಾಬನ್ನು ಇಪ್ಪತ್ತು ವರ್ಷ ನೋಡಿಕೊಂಡವರು ಸಿಗುತ್ತಾರೆ. ಯಂತ್ರವನ್ನು ಮನೆಯ ಹಸುವಿನ ಹಾಗೆ ನೋಡಿಕೊಳ್ಳುವ ಇನ್‌ಸ್ಟ್ರಕ್ಟರ್ ಒಬ್ಬರನ್ನು ನಾವು ಇಂಥ ಕಡೆಯೇ ಕಂಡೆವು. ಕೆಲಸ ಮುಗಿದ ಮೇಲೆ ಮೆಷಿನ್ ಒರೆಸದೆ ಹೋದವರಿಗೆ ಅವರು ಸಹಿ ಹಾಕುವುದಿಲ್ಲವಂತೆ.

ಇಲ್ಲಿ ಎಡವುವುದು ಒಂದೇ ಕಡೆ. ಅನುದಾನಿತ ಕಾಲೇಜು ಅಂದರೆ ಅಲ್ಲಿನ ಎಲ್ಲ ಬ್ರಾಂಚೂ ಅನುದಾನಿತ ಅಲ್ಲ. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್‌ನಂಥ ಹಳೆಯ ಬ್ರಾಂಚುಗಳಿಗೆ ಅನುದಾನ ಇದ್ದು, ಆಮೇಲೆ ತೆರೆದ ಬ್ರಾಂಚುಗಳಿಗೆ ಇಲ್ಲದೆ ಇರಬಹುದು. ಒಂದೇ ಕಟ್ಟಡ, ಒಂದೇ ಬೋರ್ಡು, ಫೀಸು ಮಾತ್ರ ಬೇರೆ ಬೇರೆ. ಭಾವ ಮೆಕ್ಯಾನಿಕಲ್ ಫೀಸ್ ಕೇಳಿ ಖುಷಿಯಾಗಿ ಕಂಪ್ಯೂಟರ್ ಸೈನ್ಸ್ ಅರ್ಜಿ ತುಂಬುತ್ತಿದ್ದರು. ಕೌಂಟರ್‌ನಲ್ಲಿದ್ದ ಹೆಂಗಸು ಪುಣ್ಯಕ್ಕೆ ತಡೆದರು. ನಿಮಗೆ ಬೇಕಾದ ಬ್ರಾಂಚಿನ ಹೆಸರು ಹೇಳಿಯೇ ಫೀಸು ಕೇಳಿ.

ಖಾಸಗಿ ಕಾಲೇಜು

ಹಲವು ಖಾಸಗಿ ಪಾಲಿಟೆಕ್ನಿಕ್‌ಗಳು ಇಂಜಿನಿಯರಿಂಗ್ ಕಾಲೇಜಿನ ಕ್ಯಾಂಪಸ್ಸಿನಲ್ಲೇ ಇರುತ್ತವೆ. ಕಣ್ಣಿಗೆ ಚೆಂದ. ಹಾಜರಾತಿ ಕಡಿಮೆಯಾದರೆ ಮನೆಗೆ ಮೆಸೇಜ್ ಬರುತ್ತದೆ, ಕ್ಲಾಸು ತಪ್ಪುವುದಿಲ್ಲ, ಬಸ್ಸು ಬಾಗಿಲಿಗೆ ಬರುತ್ತದೆ. ಓದಿನಲ್ಲಿ ಸ್ವಲ್ಪ ಸಡಿಲ ಇರುವ, ಯಾರಾದರೂ ಬೆನ್ನು ಹತ್ತಿದರೆ ಮಾತ್ರ ಓದುವ ಮಕ್ಕಳಿಗೆ ಇದು ನಿಜವಾಗಿಯೂ ಉಪಯೋಗ. ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ. ನಾನೇ ಅಂಥವನಾಗಿದ್ದೆ.

ಆದರೆ ಕೇಳಬೇಕಾದ ಪ್ರಶ್ನೆ ಒಂದಿದೆ. "ಲ್ಯಾಬ್ ಡಿಪ್ಲೊಮಾದವರದ್ದೇನಾ, ಬಿಇಯವರ ಜೊತೆ ಹಂಚಿಕೊಳ್ಳೋದಾ?" ಹಂಚಿಕೊಳ್ಳುವುದಾದರೆ ಟೈಮ್ ಟೇಬಲ್ ನೋಡಿ. ನಾವು ಹೋದ ಒಂದು ಕಡೆ ಚೆಂದದ ಸಿಎನ್‌ಸಿ ಲ್ಯಾಬ್ ತೋರಿಸಿದರು. ಗಾಜಿನ ಬಾಗಿಲು, ಎಸಿ. ಹೊರಗೆ ಬಂದ ಮೇಲೆ ಮರದ ಕೆಳಗೆ ಕೂತಿದ್ದ ಡಿಪ್ಲೊಮಾ ಹುಡುಗರನ್ನು ಕೇಳಿದೆ. "ಅದು ಬಿಇಯವರದ್ದು ಅಂಕಲ್, ನಮಗೆ ಒಂದು ಸಲ ತೋರಿಸಿದ್ರು" ಅಂದರು.

ಇನ್ನು ಪ್ಲೇಸ್‌ಮೆಂಟ್ ಬ್ಯಾನರ್. ಅದರಲ್ಲಿ ಮೂವತ್ತು ಫೋಟೊ, ಮೂವತ್ತು ಕಂಪನಿ ಹೆಸರು. ಕಂಪನಿಯ ಕಡೆಯವನಾಗಿ ಹೇಳುತ್ತೇನೆ. ಡಿಪ್ಲೊಮಾ ಮುಗಿಸಿದವರಿಗೆ ಮೊದಲು ಸಿಗುವುದು ಸಾಮಾನ್ಯವಾಗಿ ಒಂದು ವರ್ಷದ ಅಪ್ರೆಂಟಿಸ್ ಅಥವಾ ಟ್ರೈನಿ ಜಾಗ. ಅದು ಕಾಯಂ ಕೆಲಸ ಅಲ್ಲ. ಅಪ್ರೆಂಟಿಸ್ ಜಾಗಕ್ಕೆ ಎಚ್‌ಎಎಲ್, ಬಿಇಎಲ್‌ನಂಥ ಕಡೆಗೂ ಹುಡುಗರು ಯಾವ ಕಾಲೇಜಿನಿಂದ ಬೇಕಾದರೂ ಅರ್ಜಿ ಹಾಕಬಹುದು. ಇದಕ್ಕೆ ಕೇಂದ್ರ ಸರ್ಕಾರದ ಎನ್‌ಎಟಿಎಸ್ ಪೋರ್ಟಲ್ ಇದೆ. ಹಾಗಾಗಿ ಬ್ಯಾನರ್ ನೋಡಿ ಲಕ್ಷ ಕೊಡಬೇಡಿ. ಹೋದ ವರ್ಷ ಪಾಸಾದ ಇಬ್ಬರ ನಂಬರ್ ಇಸಿದುಕೊಂಡು ಮಾತಾಡಿ. ಅವರ ನಂಬರ್ ಕೊಡಲು ಕಾಲೇಜು ಹಿಂದೆಮುಂದೆ ನೋಡಿದರೆ ನಿಮಗೆ ಉತ್ತರ ಸಿಕ್ಕಿತು ಅಂತಲೇ ಲೆಕ್ಕ.

ಟೂಲ್ ರೂಮ್: ಬೇರೆಯದೇ ಜಾತಿ

ಜಿಟಿಟಿಸಿ ಅಂತ ಕರೆಯುವ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಬೆಂಗಳೂರಿನ ರಾಜಾಜಿನಗರದಲ್ಲಿ ಶುರುವಾಯಿತು. ಈಗ ಮೈಸೂರು, ಮಂಗಳೂರು, ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ, ಹಾಸನ ಹೀಗೆ ಹಲವು ಊರುಗಳಲ್ಲಿ ಇದೆ. ಇಲ್ಲಿನ ಟೂಲ್ ಆಂಡ್ ಡೈ ಮೇಕಿಂಗ್ ಡಿಪ್ಲೊಮಾ ಮೂರು ವರ್ಷ ಕಲಿಕೆ, ಒಂದು ವರ್ಷ ಕಾರ್ಖಾನೆ ತರಬೇತಿ, ಒಟ್ಟು ನಾಲ್ಕು ವರ್ಷ. ಅಚ್ಚು ಮಾಡುವ ವಿದ್ಯೆ ಇದು. ಮನೆಯ ಪ್ಲಾಸ್ಟಿಕ್ ಬಕೆಟ್ಟಿನಿಂದ ಕಾರಿನ ಡ್ಯಾಶ್‌ಬೋರ್ಡ್ ತನಕ ಎಲ್ಲದಕ್ಕೂ ಒಂದು ಅಚ್ಚು ಬೇಕು, ಅದನ್ನು ಮಾಡುವವರು ಬೇಕು.

ನಾನು ಪಕ್ಷಪಾತಿ, ಮೊದಲೇ ಹೇಳಿಬಿಡುತ್ತೇನೆ. ಟೂಲ್ ರೂಮಿನಿಂದ ಬಂದ ಹುಡುಗ ಮೊದಲ ದಿನವೇ ಕೆಲಸಕ್ಕೆ ನಿಲ್ಲುತ್ತಾನೆ. ಬೇರೆ ಕಡೆಯಿಂದ ಬಂದವನಿಗೆ ಆರು ತಿಂಗಳು ಕಲಿಸಬೇಕು. ಅಲ್ಲಿ ಅಪ್ಪಟ ಕಾರ್ಖಾನೆಯ ವಾತಾವರಣ. ಸಮವಸ್ತ್ರ, ಸೇಫ್ಟಿ ಶೂ, ಬೆಳಗ್ಗಿನಿಂದ ಸಂಜೆ ತನಕ ನಿಂತೇ ಇರಬೇಕು. ಮೊದಲ ವರ್ಷ ಅರ (ಫೈಲ್) ಹಿಡಿದು ಕಬ್ಬಿಣದ ತುಂಡನ್ನು ಚೌಕ ಮಾಡಿ ಮಾಡಿ ಕೈ ಬೊಬ್ಬೆ ಬರುತ್ತದೆ. ಇದೇ ತರದ ಇನ್ನೊಂದು ಹೆಸರು ಎನ್‌ಟಿಟಿಎಫ್. 1959ರಲ್ಲಿ ಕೇರಳದ ತಲಶ್ಶೇರಿ ಬಳಿಯ ನೆಟ್ಟೂರಿನಲ್ಲಿ ಹುಟ್ಟಿದ ಸಂಸ್ಥೆ, ಪೀಣ್ಯದಲ್ಲೂ ಇದೆ. ಪ್ಲಾಸ್ಟಿಕ್ ಕಡೆ ಒಲವು ಇದ್ದರೆ ಮೈಸೂರಿನ ಸಿಪೆಟ್. ಅದು ಕೇಂದ್ರದ್ದು, ಸೇರಲು ತನ್ನದೇ ಪ್ರವೇಶ ಪರೀಕ್ಷೆ ಇಟ್ಟಿದೆ.

ಹಾಗಾದರೆ ಎಲ್ಲರೂ ಟೂಲ್ ರೂಮಿಗೇ ಹೋಗಬಹುದಲ್ಲ? ಬೇಡ. ಮೂರು ಕಾರಣ ಇವೆ. ಫೀಸು ಸರ್ಕಾರಿ ಪಾಲಿಟೆಕ್ನಿಕ್‌ಗಿಂತ ಜಾಸ್ತಿ. ವಿದ್ಯೆ ಆಳ, ಆದರೆ ಕಿರಿದು. ನಾಳೆ ಮನಸ್ಸು ಬದಲಾಗಿ ಬೇರೆ ಕಡೆ ಹೊರಳುವುದು ಕಷ್ಟ. ಬಿಇಗೆ ಹೋಗುವವರಿಗೆ ಒಂದು ವರ್ಷ ಹೆಚ್ಚು ಹಿಡಿಯುತ್ತದೆ. ಇಂಥ ವಿಶೇಷ ಸಂಸ್ಥೆಗಳಲ್ಲಿ ಕೋರ್ಸುಗಳೂ ಹಲವು ಬಗೆ. ಒಂದಕ್ಕೆ ಇರುವ ಮಾನ್ಯತೆ ಇನ್ನೊಂದಕ್ಕೆ ಇರಲೇಬೇಕು ಅಂತಿಲ್ಲ. "ಈ ಕೋರ್ಸ್ ಮಾಡಿದವರು ಡಿಸಿಇಟಿ ಬರೆಯಬಹುದಾ?" ಅಂತ ಕೇಳಿ, ಉತ್ತರವನ್ನು ಕಾಗದದಲ್ಲೇ ತೆಗೆದುಕೊಳ್ಳಿ.

ಬೇಗ ಕೆಲಸಕ್ಕೆ ಸೇರಲೇಬೇಕು, ಕೈಕೆಲಸ ಇಷ್ಟ ಅನ್ನುವವರಿಗೆ ಟೂಲ್ ರೂಮ್. ಬಿಇ ಮಾಡಿಯೇ ತೀರಬೇಕು ಅನ್ನುವವರಿಗೆ ಮಾಮೂಲಿ ಪಾಲಿಟೆಕ್ನಿಕ್. ಎರಡೂ ಗೊತ್ತಿಲ್ಲ, ಮುಂದೆ ನೋಡೋಣ ಅನ್ನುವವರಿಗೂ ಮಾಮೂಲಿ ಪಾಲಿಟೆಕ್ನಿಕ್ಕೇ ವಾಸಿ. ಗಣಿ ಕಡೆ ಹೋಗುವವರಿಗೆ ಕೆಜಿಎಫ್‌ನ ಸ್ಕೂಲ್ ಆಫ್ ಮೈನ್ಸ್, ಅಂಗವೈಕಲ್ಯ ಇರುವ ಮಕ್ಕಳಿಗೆ ಮೈಸೂರಿನಲ್ಲಿ ಜೆಎಸ್‌ಎಸ್‌ನವರ ಪ್ರತ್ಯೇಕ ಪಾಲಿಟೆಕ್ನಿಕ್ ಇವೆ.

ಬ್ರಾಂಚಿನ ಜಗಳ

ನಮ್ಮ ಮನೆಯ ದೊಡ್ಡ ಜಗಳ ಇದೇ ಆಗಿತ್ತು. ಅಕ್ಕನಿಗೆ ಕಂಪ್ಯೂಟರ್ ಸೈನ್ಸ್ ಬೇಕು, ಭಾವನಿಗೆ ಎಲೆಕ್ಟ್ರಿಕಲ್, ಹುಡುಗಿಗೆ ಮೆಕ್ಯಾನಿಕಲ್. ಈಗ ಎಲ್ಲರೂ ಕಂಪ್ಯೂಟರ್ ಸೈನ್ಸ್ ಹಿಂದೆ ಬಿದ್ದಿದ್ದಾರೆ. ನನ್ನ ಅನಿಸಿಕೆ ಹೇಳುತ್ತೇನೆ. ಸಾಫ್ಟ್‌ವೇರ್ ಕಂಪನಿಗಳಲ್ಲಿ ಹೆಚ್ಚಿನ ಕೆಲಸಕ್ಕೆ ಡಿಗ್ರಿ ಕೇಳುತ್ತಾರೆ. ಹಾಗಾಗಿ ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾ ಬಿಇಗೆ ಹೋಗುವ ಮೆಟ್ಟಿಲು. ಅಲ್ಲಿಗೇ ನಿಲ್ಲುವವರಿಗೆ ಕಷ್ಟ. ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಸಿವಿಲ್ ಡಿಪ್ಲೊಮಾ ಹಾಗಲ್ಲ. ಅಲ್ಲಿಗೆ ನಿಲ್ಲಿಸಿದರೂ ಅವಕ್ಕೆ ಅಂತಲೇ ಹುದ್ದೆಗಳಿವೆ. ವಿದ್ಯುತ್ ನಿಗಮಗಳಲ್ಲಿ, ಕಾಮಗಾರಿಗಳ ಸೈಟಿನಲ್ಲಿ, ನಮ್ಮಂಥ ಕಾರ್ಖಾನೆಗಳಲ್ಲಿ ಸೂಪರ್‌ವೈಸರ್ ಕುರ್ಚಿಯಲ್ಲಿ ಕೂತವರು ಬಹುತೇಕ ಇವರೇ.

"ಹೆಣ್ಣುಮಗು ಮೆಕ್ಯಾನಿಕಲ್ಲಾ?" ಅಂತ ಅಕ್ಕ ಕೇಳಿದಳು. ನಮ್ಮ ಶಾಪ್ ಫ್ಲೋರಿನಲ್ಲಿ ಸಿಎನ್‌ಸಿ ನಡೆಸುವ ಏಳು ಜನರಲ್ಲಿ ಇಬ್ಬರು ಹುಡುಗಿಯರು ಅಂದೆ. ಅಕ್ಕ ನಂಬಲಿಲ್ಲ. ವಿಡಿಯೊ ಕಾಲ್ ಮಾಡಿ ತೋರಿಸಬೇಕಾಯಿತು.

ಲ್ಯಾಬ್ ನೋಡುವುದು ಹೇಗೆ

ಯಾವುದನ್ನು ಬಿಟ್ಟರೂ ಇದನ್ನು ಬಿಡಬೇಡಿ. ಕಾಲೇಜಿಗೆ ಶನಿವಾರ ಹೋಗಬೇಡಿ, ಅವರು ಕರೆದ ದಿನವೂ ಬೇಡ. ಕ್ಲಾಸು ನಡೆಯುವ ಮಾಮೂಲಿ ದಿನ ಹೋಗಿ. ಪ್ರಿನ್ಸಿಪಾಲರಿಗೆ ನಮಸ್ಕಾರ ಹೇಳಿ, ವರ್ಕ್‌ಶಾಪ್ ನೋಡಬಹುದಾ ಅಂತ ಕೇಳಿ.

ಒಳಗೆ ಹೋದ ಕೂಡಲೇ ಮೂಗಿಗೆ ಕೆಲಸ ಕೊಡಿ. ಕೂಲಂಟ್ ಮತ್ತು ಗ್ರೀಸಿನ ವಾಸನೆ ಇದ್ದರೆ ಮೆಷಿನ್ ಓಡುತ್ತಿದೆ. ಬರೀ ಧೂಳಿನ ವಾಸನೆ ಇದ್ದರೆ ಓಡುತ್ತಿಲ್ಲ. ಲೇತ್ ಕೆಳಗಿನ ಟ್ರೇ ನೋಡಿ. ಅಲ್ಲಿ ಕಬ್ಬಿಣದ ಸುರುಳಿ ಬಿದ್ದಿದ್ದರೆ ಒಳ್ಳೆಯದು. ಎಲೆಕ್ಟ್ರಿಕಲ್ ಲ್ಯಾಬಿನಲ್ಲಿ ಮೀಟರುಗಳ ಮುಳ್ಳು, ವೈರಿನ ತುದಿ ನೋಡಿ. ಬಳಸಿ ಬಳಸಿ ಸವೆದ ವೈರ್ ಇದ್ದರೆ ಮಕ್ಕಳು ಕನೆಕ್ಷನ್ ಕೊಟ್ಟಿದ್ದಾರೆ. ಪ್ಲಾಸ್ಟಿಕ್ ಕವರ್ ಬಿಚ್ಚದ ಕಿಟ್ ಇದ್ದರೆ ಅದು ತಪಾಸಣೆಗೆ ಬರುವವರಿಗೆ ಇಟ್ಟದ್ದು. ಕಂಪ್ಯೂಟರ್ ಲ್ಯಾಬಿನಲ್ಲಿ ಎಷ್ಟು ಸಿಸ್ಟಂ ಇವೆ ಅಂತ ಎಣಿಸುವ ಜೊತೆಗೆ ಎಷ್ಟು ಆನ್ ಆಗುತ್ತವೆ ಅಂತಲೂ ಎಣಿಸಿ.

ಆಮೇಲೆ ಕೊನೆಯ ವರ್ಷದ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಹಿಡಿದು ಕೇಳಿ. "ಕಳೆದ ವಾರ ನೀನು ಯಾವ ಮೆಷಿನ್ ಮುಟ್ಟಿದೆಯಪ್ಪ?" ಲ್ಯಾಬ್ ಚೆನ್ನಾಗಿದೆಯಾ ಅಂತ ಕೇಳಿದರೆ ಎಲ್ಲರೂ ಚೆನ್ನಾಗಿದೆ ಅಂತಲೇ ಅನ್ನುತ್ತಾರೆ. ಕಳೆದ ವಾರದ್ದು ಕೇಳಿದರೆ ಸುಳ್ಳು ಹೇಳುವುದು ಕಷ್ಟ.

ಇಂಟರ್ನ್‌ಶಿಪ್ ಬಗ್ಗೆಯೂ ಕೇಳಿ. ಸಿ-20 ಅನ್ನುವ ಸಿಲಬಸ್ ಬಂದ ಮೇಲೆ ಕೊನೆಯ ಸೆಮಿಸ್ಟರಿನಲ್ಲಿ ಇಂಟರ್ನ್‌ಶಿಪ್ ಅಥವಾ ಪ್ರಾಜೆಕ್ಟಿಗೇ ಒತ್ತು. ಒಳ್ಳೆಯ ವಿಚಾರ. ಆದರೆ ದುಡ್ಡು ಕೊಟ್ಟರೆ ಇಂಟರ್ನ್‌ಶಿಪ್ ಸರ್ಟಿಫಿಕೇಟ್ ಬರೆದುಕೊಡುವ ಅಂಗಡಿಗಳೂ ಹುಟ್ಟಿಕೊಂಡಿವೆ. ಹೋದ ಬ್ಯಾಚಿನವರು ಎಲ್ಲಿಗೆ ಹೋಗಿದ್ದರು, ಕಾರ್ಖಾನೆ ಗೇಟಿನ ಒಳಗೆ ಕಾಲಿಟ್ಟರಾ, ಇಲ್ಲ ಆನ್‌ಲೈನಿನಲ್ಲೇ ಮುಗಿಸಿದರಾ ಅನ್ನುವುದು ಗೊತ್ತಾದರೆ ಆ ವಿಭಾಗದ ಮುಖ್ಯಸ್ಥರು ಎಂಥವರು ಅಂತಲೂ ಗೊತ್ತಾಗುತ್ತದೆ.

ಕಾಗದಪತ್ರದಲ್ಲಿ ನೋಡುವುದು ಎರಡೇ. ತಾಂತ್ರಿಕ ಕಾಲೇಜುಗಳಿಗೆ ಕೇಂದ್ರದಿಂದ ಒಪ್ಪಿಗೆ ಕೊಡುವ ಎಐಸಿಟಿಇಯ ಅನುಮೋದನೆ ಈ ವರ್ಷಕ್ಕೆ ಇದೆಯಾ, ಗುಣಮಟ್ಟ ನೋಡಿ ಕೊಡುವ ಎನ್‌ಬಿಎ ಮಾನ್ಯತೆ ಇದೆಯಾ. ಮೊದಲನೆಯದು ಇಲ್ಲದಿದ್ದರೆ ಅಲ್ಲಿಂದ ಎದ್ದು ಬನ್ನಿ. ಎರಡನೆಯದು ಇದ್ದರೆ ಒಳ್ಳೆಯದು, ಆದರೆ ಎನ್‌ಬಿಎ ಕೊಡುವುದು ಬ್ರಾಂಚಿಗೆ, ಇಡೀ ಕಾಲೇಜಿಗಲ್ಲ. ಗೇಟಿನ ಮೇಲೆ ಬರೆದಿರುವ ಎನ್‌ಬಿಎ ನಿಮ್ಮ ಬ್ರಾಂಚಿನದ್ದೇನಾ ಅಂತ ಕೇಳಿ.

ಇನ್ನು ಅಂಚೆಯಲ್ಲಿ, ಭಾನುವಾರದ ಕ್ಲಾಸಿನಲ್ಲಿ, ಒಂದೇ ವರ್ಷದಲ್ಲಿ ಇಂಜಿನಿಯರಿಂಗ್ ಡಿಪ್ಲೊಮಾ ಕೊಡುತ್ತೇವೆ ಅನ್ನುವವರ ಬಗ್ಗೆ ಏನೂ ಹೋಲಿಕೆ ಬೇಕಿಲ್ಲ. ದೂರಶಿಕ್ಷಣದ ಇಂಜಿನಿಯರಿಂಗ್ ಪದವಿಗಳಿಗೆ 2017ರಲ್ಲಿ ಸುಪ್ರೀಂ ಕೋರ್ಟೇ ಕತ್ತರಿ ಹಾಕಿದೆ.

ದೂರ, ಹಾಸ್ಟೆಲ್, ದುಡ್ಡು

ಹುಡುಗಿಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯ ಉಚಿತ ಬಸ್ಸು ಇದೆ. ಇದು ನಮ್ಮ ಲೆಕ್ಕವನ್ನೇ ಬದಲಿಸಿತು. ಒಂದು ಗಂಟೆ ದೂರದ ಸರ್ಕಾರಿ ಕಾಲೇಜು ಮೊದಲು ದುಬಾರಿ ಅನ್ನಿಸುತ್ತಿತ್ತು. ಈಗ ಬಸ್ ಖರ್ಚೇ ಇಲ್ಲ. ಆದರೆ ಬಸ್ ಉಚಿತ ಅಂದರೆ ಸಮಯವೂ ಉಚಿತ ಅಲ್ಲ. ದಿನಕ್ಕೆ ಎರಡೂವರೆ ಗಂಟೆಗಿಂತ ಜಾಸ್ತಿ ಓಡಾಟ ಇದ್ದರೆ ಡ್ರಾಯಿಂಗ್ ಶೀಟು ಮುಗಿಯುವುದಿಲ್ಲ. ಆಗ ಹಾಸ್ಟೆಲ್ ನೋಡಿ. ಹಿಂದುಳಿದ ವರ್ಗಗಳ ಇಲಾಖೆ, ಸಮಾಜ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಿಗೆ ಬೇರೆಯೇ ಅರ್ಜಿ ಹಾಕಬೇಕು. ಕಾಲೇಜು ಸೇರಿದ ಮೇಲೆ ಅದು ತಾನಾಗಿ ಸಿಗುವುದಿಲ್ಲ. ಕೊನೆಯ ದಿನಾಂಕ ತಪ್ಪಿಸಿಕೊಂಡು ಪೇಯಿಂಗ್ ಗೆಸ್ಟ್ ಮನೆ ಹುಡುಕುವವರನ್ನು ನೋಡಿದ್ದೇನೆ.

ನೆರವಿನ ಬಾಗಿಲುಗಳು ಹಲವು. ಹೆಣ್ಣುಮಕ್ಕಳಿಗೆ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ ವರ್ಷಕ್ಕೆ 50,000 ರೂಪಾಯಿ. ಮನೆಯ ಆದಾಯ ವರ್ಷಕ್ಕೆ 8 ಲಕ್ಷದ ಒಳಗಿರಬೇಕು. ಎಲ್ಲರಿಗೂ ಸಿಗುವುದಿಲ್ಲ, ಅರ್ಜಿ ಹಾಕದವರಿಗಂತೂ ಸಿಗುವುದೇ ಇಲ್ಲ. ಅಂಗವೈಕಲ್ಯ ಇರುವವರಿಗೆ ಸಕ್ಷಮ್, ಅದೂ 50,000. ರೈತರ ಮಕ್ಕಳಿಗೆ 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ಡಿಪ್ಲೊಮಾ ಓದುವ ಹುಡುಗರಿಗೆ 2,500, ಹುಡುಗಿಯರಿಗೆ 3,000 ಅಂತ ಇಟ್ಟರು. ಸಣ್ಣ ಮೊತ್ತ, ಆದರೂ ಸರ್ಕಾರಿ ಫೀಸಿಗೆ ದೊಡ್ಡ ಆಸರೆ. ಕಡಿಮೆ ಆದಾಯದವರಿಗೆ ಎಸ್‌ಎನ್‌ಕ್ಯು ಅನ್ನುವ ಕೋಟಾ ಇದೆ, ಅದರಲ್ಲಿ ಬೋಧನಾ ಶುಲ್ಕ ಇರುವುದಿಲ್ಲ. 60 ಸೀಟಿನ ಬ್ರಾಂಚಿಗೆ ಶೇಕಡಾ 5 ಸೇರಿಸಿ 63 ಆಗುತ್ತದಲ್ಲ, ಆ ಮೂರು ಸೀಟು ಇದರದ್ದು.

ಒಂದು ತಪ್ಪು ಮಾಡಬೇಡಿ. ಸರ್ಕಾರಿ ಸೀಟು ಸಿಗುತ್ತೋ ಇಲ್ಲವೋ ಅನ್ನುವ ಭಯದಲ್ಲಿ ಮೊದಲೇ ಖಾಸಗಿ ಕಾಲೇಜಿಗೆ ಟಿಸಿ, ಮಾರ್ಕ್ಸ್ ಕಾರ್ಡ್ ಒರಿಜಿನಲ್ ಕೊಟ್ಟುಬಿಡುತ್ತಾರೆ. ಆಮೇಲೆ ಸರ್ಕಾರಿ ಸೀಟು ಬಂದರೆ ಒರಿಜಿನಲ್ ಇಸಿದುಕೊಳ್ಳಲು ವಾರಗಟ್ಟಲೆ ಅಲೆದಾಟ. ಪ್ರವೇಶದ ಕೊನೆಯ ದಿನಾಂಕಕ್ಕೆ ಮೊದಲು ಸೀಟು ಬಿಟ್ಟರೆ ಹೆಚ್ಚೆಂದರೆ 1,000 ರೂಪಾಯಿ ಹಿಡಿದುಕೊಂಡು ಉಳಿದದ್ದನ್ನು ವಾಪಸ್ ಕೊಡಬೇಕು ಅನ್ನುವುದು ಎಐಸಿಟಿಇ ನಿಯಮ. ಕೌಂಟರಿನಲ್ಲಿ ಇದನ್ನು ಮೆತ್ತಗೆ ನೆನಪಿಸಿ.

ಕನ್ನಡ ಮಾಧ್ಯಮದ ಮಕ್ಕಳ ತಂದೆತಾಯಿ ಕೇಳುವ ಪ್ರಶ್ನೆ ಒಂದು ಉಳಿಯಿತು. ಪಾಠ ಇಂಗ್ಲಿಷಿನಲ್ಲಿ ಅಲ್ವಾ? ಹೌದು, ಪುಸ್ತಕಗಳು ಹೆಚ್ಚಾಗಿ ಇಂಗ್ಲಿಷ್. ಆದರೆ ಸರ್ಕಾರಿ, ಅನುದಾನಿತ ಕಾಲೇಜುಗಳ ಕ್ಲಾಸಿನಲ್ಲಿ ವಿವರಣೆ ಕನ್ನಡದಲ್ಲೂ ಧಾರಾಳವಾಗಿ ನಡೆಯುತ್ತದೆ. ಎಐಸಿಟಿಇ ಡಿಪ್ಲೊಮಾ ಪುಸ್ತಕಗಳನ್ನು ಕನ್ನಡಕ್ಕೂ ತರಿಸಿದೆ, ಇ-ಕುಂಭ್ ಪೋರ್ಟಲಿನಲ್ಲಿ ಉಚಿತವಾಗಿ ಸಿಗುತ್ತವೆ. ಅಕ್ಕನ ಮಗಳೂ ಕನ್ನಡ ಮಾಧ್ಯಮದವಳೇ. ಮೊದಲ ಸೆಮಿಸ್ಟರ್ ಕಷ್ಟ, ಆಮೇಲೆ ಬೇರಿಂಗ್ ಬೇರಿಂಗೇ, ಗೇರ್ ಗೇರೇ.

ಅವಳು ಆರಿಸಿದ್ದು

ಕೊನೆಗೆ ನಮ್ಮ ಪಟ್ಟಿಯಲ್ಲಿ ಉಳಿದದ್ದು ಎರಡು. ಟೂಲ್ ರೂಮ್ ಮತ್ತು ಒಂದು ಗಂಟೆ ದೂರದ ಸರ್ಕಾರಿ ಪಾಲಿಟೆಕ್ನಿಕ್. ನನ್ನ ಮನಸ್ಸು ಟೂಲ್ ರೂಮಿನ ಕಡೆ ವಾಲಿತ್ತು. ಅವಳು ರಾತ್ರಿ ಊಟದ ಹೊತ್ತಿಗೆ ಹೇಳಿದಳು. "ಮಾಮ, ನನಗೆ ಬಿಇ ಮಾಡಬೇಕು. ನಾಲ್ಕು ವರ್ಷ ಬೇಡ." ಅಲ್ಲಿಗೆ ಮಾತು ಮುಗಿಯಿತು. ಸರ್ಕಾರಿ ಕಾಲೇಜು, ಮೆಕ್ಯಾನಿಕಲ್. ಅಕ್ಕ ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೇ ದಿನ ತಾನೇ ಹೋಗಿ ಅವಳಿಗೆ ನೀಲಿ ಏಪ್ರನ್ ಹೊಲಿಯಲು ಬಟ್ಟೆ ತಂದಳು.

ಸೇರಿ ಎರಡು ತಿಂಗಳಾಯಿತು. ಬೆಳಗ್ಗೆ ಏಳೂಕಾಲಿನ ಬಸ್ಸಿಗೆ ಹೋಗುತ್ತಾಳೆ. ವರ್ಕ್‌ಶಾಪ್ ಚೆನ್ನಾಗಿ ನಡೆಯುತ್ತಿದೆ. ಗಣಿತಕ್ಕೆ ಮಾತ್ರ ಅತಿಥಿ ಉಪನ್ಯಾಸಕರು ಇನ್ನೂ ಬಂದಿಲ್ಲವಂತೆ. ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ನನಗೆ ಫೋನ್ ಮಾಡುತ್ತಾಳೆ, ಇಬ್ಬರೂ ಮ್ಯಾಟ್ರಿಕ್ಸ್ ಲೆಕ್ಕ ಬಿಡಿಸುತ್ತೇವೆ. ನನಗೂ ಮರೆತುಹೋಗಿತ್ತು. ಹಿಂದಿನ ರಾತ್ರಿ ಕೂತು ಓದಿಕೊಂಡು ತಯಾರಾಗುತ್ತಿದ್ದೇನೆ.